ಚುಕ್ಕಿ ಇಟ್ಟ ಹೆಸರುಗಳು

ನಿವೃತ್ತನಾದ ಮೇಲೆ ನನ್ನ ಪಾಲಿಗೆ ಮಧ್ಯಾಹ್ನಗಳು ಬಹಳ ಉದ್ದವಾಗಿವೆ. ಪಡಸಾಲೆಯಲ್ಲಿ ಚಾಪೆ ಹಾಸಿ ಅಡ್ಡಾಗುತ್ತೇನೆ. ಅದು ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಆ ಹೊತ್ತಿನಲ್ಲಿ ಹಳೆಯ ಹತ್ತನೇ ವರ್ಗ ತಾನಾಗಿಯೇ ಬಂದು ಎದುರಿಗೆ ಕೂಡುತ್ತದೆ. ನಾನು ಹಾಜರಿ ಕೂಗುತ್ತೇನೆ. "ಹಾಜರ್ ಸರ್", "ಹಾಜರ್ ಸರ್" ಎಂದು ಒಂದೊಂದೇ ದನಿ ಬರುತ್ತದೆ. ಇಷ್ಟು ವರ್ಷ ಕಲಿಸಿದ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಇಕ್ಕಟ್ಟಾಗಿ ಕೂತಿರುತ್ತಾರೆ. ಒಂದು ಬೆಂಚಿನ ಮೇಲೆ ಅಪ್ಪನೂ ಮಗನೂ ಅಕ್ಕಪಕ್ಕ, ಇಬ್ಬರಿಗೂ ಹದಿನೈದೇ ವಯಸ್ಸು. ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ನಡುವೆ ಕೆಲವು ಹೆಸರುಗಳಿಗೆ ದನಿ ಬರುವುದಿಲ್ಲ. ಮತ್ತೊಮ್ಮೆ ಕೂಗುವಷ್ಟರಲ್ಲಿ ನನ್ನಾಕೆ ಚಹಾ ತಂದು ಎಬ್ಬಿಸುತ್ತಾಳೆ.

ಹೀಗೇ ಒಂದು ಮಧ್ಯಾಹ್ನ ಸವಿತಾ ಫೋನ್ ಮಾಡಿದಳು. ನನ್ನ ಕೈಯಲ್ಲೇ ಕಲಿತ ಹುಡುಗಿ, ಈಗ ನನ್ನ ಜಾಗಕ್ಕೆ ಗಣಿತದ ಶಿಕ್ಷಕಿಯಾಗಿ ಬಂದಿದ್ದಾಳೆ.

"ಸರ್, ಮುಂದ ಮತ್ತ ಎರಡು ನಮೂನಿ ಗಣಿತ ಬರತಾವು ಅಂತ ಸ್ಟಾಫ್‌ರೂಮಿನ್ಯಾಗ ಮಾತಾಡಾಕತ್ತಾರ್ರಿ. ಸಣ್ಣದೊಂದು, ದೊಡ್ಡದೊಂದು. ಖರೇನೋ ಸುಳ್ಳೋ ಗೊತ್ತಿಲ್ಲ. ಬಂದ್ರ ಯಾವ ಹುಡುಗರನ್ನ ಯಾವುದಕ್ಕ ಹಾಕಬೇಕ್ರಿ? ನೀವು ಹೆಂಗ ಮಾಡತಿದ್ರಿ?"

"ಅದನ್ನ ಫೋನಿನ್ಯಾಗ ಹೇಳಾಕ ಬರಂಗಿಲ್ಲವ್ವಾ. ಬರದು ಕಳಸ್ತೀನಿ," ಅಂದೆ.

ಅಂದದ್ದೇನೋ ಸಲೀಸು. ಬರೆಯಲು ಕೂತರೆ ಪೆನ್ನು ಬೇರೆ ಕಡೆಗೇ ಹೋಗುತ್ತದೆ. ನಾನು ಯಾವಾಗ ಸೇವೆಗೆ ಸೇರಿದೆ, ಯಾವಾಗ ವೇತನಶ್ರೇಣಿ ಬದಲಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ, ಅದನ್ನು ಇಲಿ ತಿಂದರೂ ನನಗೆ ಬೇಸರವಿಲ್ಲ. ಸವಿತಾಳಿಗೆ, ಅವಳಂಥ ಹೊಸಬರಿಗೆ ಬೇಕಾದದ್ದು ಅಲ್ಲಿ ಬರೆದಿಲ್ಲ.

ನಮ್ಮದು ವಳಸಂಗದ ಆಚೆ ಮಡ್ಡಿಯ ಮೇಲಿನ ಒಂದು ಕನ್ನಡ ಹೈಸ್ಕೂಲು. ಬೋರ್ಡು ಮಹಾರಾಷ್ಟ್ರದ್ದು, ಪುಸ್ತಕ ಕನ್ನಡದ್ದು, ಕಾಗದಪತ್ರ ಮರಾಠಿಯದ್ದು. ನಮ್ಮ ಮಕ್ಕಳು ಹತ್ತನೆಯದರ ತನಕ ಕನ್ನಡದಲ್ಲಿ ತ್ರಿಕೋನ ಬಿಡಿಸುತ್ತಾರೆ, ಆಮೇಲೆ ತಾಲೂಕಿನ ಊರಾದ ಜತ್ತಿನ ಕಾಲೇಜಿಗೆ ಹೋಗಿ ಅದೇ ತ್ರಿಕೋನಕ್ಕೆ ಇಂಗ್ಲಿಷ್ ಹೆಸರು ಕಲಿಯುತ್ತಾರೆ. ಶಾಲೆಯ ಕಿಟಕಿಗಳಿಗೆ ಬಹಳ ವರ್ಷ ಬಾಗಿಲೇ ಇರಲಿಲ್ಲ. ಎದುರಿಗೆ ಜೋಳದ ಹೊಲ, ಅದರಾಚೆ ಕಲ್ಲಿನ ನೆಲ, ಅದರಾಚೆ ಗುಡ್ಡದ ಸಾಲು. ಆ ಸಾಲಿನ ಮೇಲೆ ಪವನಚಕ್ಕಿಗಳು ಬಂದ ವರ್ಷ ನನ್ನ ಪಾಠ ಅರ್ಧಕ್ಕರ್ಧ ಕೆಟ್ಟಿತು. ಒಂದು ದಿನ ಹಲಗೆಯ ಮೇಲೆ ವರ್ತುಳ ಬರೆದೆ, ನಡುವಿನಿಂದ ಮೂರು ಗೆರೆ ಎಳೆದೆ, ಆಮೇಲೆ ಕಿಟಕಿಯ ಹೊರಗೆ ನಿಧಾನವಾಗಿ ತಿರುಗುತ್ತಿದ್ದ ಆ ಮೂರು ರೆಕ್ಕೆಗಳನ್ನೇ ನೋಡುತ್ತ ನಿಂತುಬಿಟ್ಟೆ. ಎಷ್ಟು ಹೊತ್ತೋ ಏನೋ. ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲಿ ನಿಂತು ಮುಂದಿನ ಬೆಂಚಿನ ಹುಡುಗಿಯನ್ನು ಕೇಳಿದರು, "ಇವತ್ತ ಏನ ಕಲಿಸ್ಯಾರವ್ವಾ?" ಆಕೆ ಎದ್ದು ನಿಂತು ಹೇಳಿದಳು, "ಇನ್ನೂ ಏನೂ ಇಲ್ರಿ. ಸರ್ ಪಂಖಾ ನೋಡಾಕತ್ತಾರ್ರಿ."

ಆ ಮಾತಿಗೆ ಸ್ಟಾಫ್‌ರೂಮು ವರ್ಷಗಟ್ಟಲೆ ನಕ್ಕಿತು. ನಾನೂ ನಕ್ಕೆ. ಆದರೆ ಎದುರಿಗಿರುವ ಮಗುವನ್ನು ಬಿಟ್ಟು ದೂರದ್ದನ್ನು ನೋಡುವ ಈ ಚಾಳಿ ನನ್ನಿಂದ ಒಂದು ದೊಡ್ಡ ತಪ್ಪು ಮಾಡಿಸಿತು. ಈ ಬರಹ ಆ ತಪ್ಪಿನದು.

ನಾನು ಸೇರಿದಾಗ ಎಲ್ಲ ಮಕ್ಕಳಿಗೂ ಒಂದೇ ಗಣಿತ ಇತ್ತು: ಬೀಜಗಣಿತ ಮತ್ತು ಭೂಮಿತಿ. ಪಾಸಾಗುವವರು ಪಾಸಾಗುತ್ತಿದ್ದರು, ಉಳಿದವರು ಅಕ್ಟೋಬರಿನಲ್ಲಿ ಮತ್ತೆ ಕೂಡುತ್ತಿದ್ದರು. ಯಳವಿಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ರೇವಣಸಿದ್ಧ ಎಂಬ ಹುಡುಗ ಗಣಿತದಲ್ಲಿ ನಲವತ್ತೊಂದು ತೆಗೆದುಕೊಂಡು, ಹೆದರುತ್ತ ಹೆದರುತ್ತ ಸಾಯನ್ಸಿಗೆ ಹೋದ. ಆಗ ಕಾಲೇಜಿನವರು ಪ್ರವೇಶದ ಯಾದಿಯನ್ನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಕೊನೆಯ ಹಾಳೆಯ ಕೊನೆಯ ಹೆಸರು ಅವನದು. ಈಗ ಅವನು ಸರಕಾರಿ ಇಂಜಿನಿಯರು, ಸೇತುವೆ ಕಟ್ಟಿಸುತ್ತಾನೆ. ಮದುವೆ ಮನೆಯಲ್ಲಿ ಸಿಕ್ಕಾಗ ಕಾಲು ಮುಟ್ಟಿ, "ನಲವತ್ತೊಂದರ ವಿದ್ಯಾರ್ಥಿ ಬಂದೀನ್ರಿ ಸರ್" ಅನ್ನುತ್ತಾನೆ.

ಆಮೇಲೆ ಸಣ್ಣ ಗಣಿತ ಬಂತು. ಪುಸ್ತಕದಲ್ಲಿ ಅದರ ಹೆಸರು ಸಾಮಾನ್ಯ ಗಣಿತ. ಮಕ್ಕಳು ಮಾತ್ರ ಸಣ್ಣ ಗಣಿತ, ದೊಡ್ಡ ಗಣಿತ ಎಂದೇ ಕರೆದರು. ಒಂಬತ್ತನೇ ವರ್ಗಕ್ಕೆ ಬಂದ ಕೂಡಲೇ ಎರಡರಲ್ಲಿ ಒಂದನ್ನು ಆರಿಸಬೇಕು. ಸಣ್ಣದರಲ್ಲಿ ಲೆಕ್ಕ ಸರಳ, ಗುಣ, ಅಂದರೆ ಮಾರ್ಕು, ಧಾರಾಳ. ಆದರೆ ಅದನ್ನು ಆರಿಸಿದವರಿಗೆ ಹತ್ತನೆಯದಾದ ಮೇಲೆ ಸಾಯನ್ಸಿನ ಬಾಗಿಲು ಮುಚ್ಚಿದಂತೆ. ಕಲಾ ವಿಭಾಗಕ್ಕೆ ಹೋಗಬಹುದು, ವಾಣಿಜ್ಯಕ್ಕೆ ಹೋಗಬಹುದು, ಅಷ್ಟೇ. ಆಗಿನ ನಿಯಮ ಹಾಗಿತ್ತು.

ನಮ್ಮ ಹೆಡ್‌ಮಾಸ್ತರು ಹಿರೇಮಠರಿಗೆ ಆ ವರ್ಷ ಹೊಸ ಜೀವ ಬಂದ ಹಾಗಾಯಿತು. ಒಳ್ಳೆಯ ಮನುಷ್ಯ, ಶಾಲೆಗಾಗಿ ಮೈ ಮುರಿದು ದುಡಿದವರು. ಅವರ ಒಂದೇ ಕನಸು ಪರೀಕ್ಷೆಯ ಫಲಿತಾಂಶ, ನಮ್ಮ ಮಾತಿನಲ್ಲಿ ನಿಕಾಲ, ನೂರು ಟಕ್ಕೆ, ಅಂದರೆ ಶೇಕಡ ನೂರು ಬರಬೇಕು, ಅದನ್ನು ಬಣ್ಣದಲ್ಲಿ ಬರೆಸಿ ಗೇಟಿನ ಮೇಲೆ ತೂಗುಹಾಕಬೇಕು. ಅವರು ನನ್ನನ್ನು ಕೋಣೆಗೆ ಕರೆದು, ಆಗತಾನೇ ಎಂಟನೆಯದು ಮುಗಿಸಿದ ಮಕ್ಕಳ ಹಾಜರಿ ಪುಸ್ತಕ ಬಿಡಿಸಿದರು.

"ಕುಂದ್ರಿ ಮಾಸ್ತರ. ಇಲ್ಲಿ ನೋಡ್ರಿ. ದೀಪಾವಳಿ ಆದ ಮ್ಯಾಲ ಯಾರ ಮನಿ ಖಾಲಿ ಅದಾವ, ಆ ಹೆಸರಿನ ಮುಂದ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡ್ರಿ. ಚುಕ್ಕಿ ಇದ್ದಾವರಿಗೆ ಸಣ್ಣ ಗಣಿತ. ಉಳದಾವರಿಗೆ ದೊಡ್ಡದು. ಆತು, ಮುಗೀತು."

ಮನೆ ಅಂದರೆ ಹಾಜರಿ ಪುಸ್ತಕದ ಚೌಕಗಳು. ನಮ್ಮ ಶಾಲೆಯ ಅರ್ಧದಷ್ಟು ಮಕ್ಕಳು ಕುರಿಗಾರರ ಮನೆಯವರು, ಇಲ್ಲವೇ ಕಬ್ಬು ಕಡಿಯಲು ಹೋಗುವವರ ಮನೆಯವರು. ದೀಪಾವಳಿ ಮುಗಿದರೆ ಹಿರಿಯರ ಬೆನ್ನಿಗೆ ಮಕ್ಕಳೂ ಹೊರಡುತ್ತಿದ್ದರು, ಶಿವರಾತ್ರಿಯ ಹೊತ್ತಿಗೆ ಕೆಲವರು ಬರುತ್ತಿದ್ದರು. ಆ ತಿಂಗಳುಗಳ ಚೌಕಗಳು ಪುಸ್ತಕದಲ್ಲಿ ಸಾಲಾಗಿ ಖಾಲಿ. ತಂದೆತಾಯಿಯನ್ನು ಕೇಳೋಣವೆಂದರೆ ವಿಷಯ ಆರಿಸುವ ಅರ್ಜಿ ತುಂಬುವ ದಿನ ಅವರು ಎಲ್ಲಿರುತ್ತಾರೋ. ಹೀಗಾಗಿ ಆರಿಸುವವನು ನಾನೇ ಆದೆ. ಪೆನ್ಸಿಲ್ ಕೆತ್ತಿಕೊಂಡು ಕೂತು, ಖಾಲಿ ಚೌಕ ಕಂಡಲ್ಲೆಲ್ಲ ಚುಕ್ಕಿ ಇಡುತ್ತ ಹೋದೆ. ಒಂದು ಗಂಟೆಯ ಕೆಲಸ. ಮಗು ಜಾಣನೋ ದಡ್ಡನೋ ಎಂದು ಆ ಗಂಟೆಯಲ್ಲಿ ಒಮ್ಮೆಯೂ ಯೋಚಿಸಲಿಲ್ಲ. ಬರದೆ ಇರುವವರು ಕಲಿಯಲಾರರು ಎಂದು ನನಗೆ ಎಷ್ಟು ಖಾತ್ರಿ ಇತ್ತೆಂದರೆ, ಅದು ನನ್ನ ಅಭಿಪ್ರಾಯ ಎಂದೇ ಅನಿಸಿರಲಿಲ್ಲ.

ನಿಕಾಲ ಏರಿತು. ಗೇಟಿನ ಮೇಲೆ ಬೋರ್ಡು ಬಂತು. ಹಿರೇಮಠರು ಬೆಳಗಿನ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು.

ಇಂಥದ್ದೇ ಒಂದು ವರ್ಷ ಒಂಬತ್ತನೇ ವರ್ಗಕ್ಕೆ ಮಾಯವ್ವ ಬಂದಳು. ಅಮಸಿದ್ದ ಎಂಬ ಕುರಿಗಾರನ ಮಗಳು. ತೆಳ್ಳಗೆ, ಉದ್ದಕ್ಕೆ, ಮಾತು ಕಡಿಮೆ. ನಿಂತಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದಳು, ಕುರಿ ಕಾಯುವವರು ಕೋಲಿಗೆ ಆತು ನಿಂತ ಹಾಗೆ. ಅವರ ಹಿಂಡಿನಲ್ಲಿ ಮರಿಗಳಿಗೆ ರೋಗ ತಗಲಿದಾಗ ಬಂದಿದ್ದ ದನದ ಡಾಕ್ಟರರು, ಸೂಜಿ ಹಾಕುವಾಗ ಮರಿಗಳನ್ನು ಹಿಡಿದುಕೊಂಡ ಈಕೆಯ ಕೈ ನೋಡಿ, "ಸಾಯನ್ಸ್ ಕಲಿ, ನನ್ನ ಕೆಲಸ ಮಾಡೀಯಂತ" ಎಂದಿದ್ದರಂತೆ. ಅಂದಿನಿಂದ ಆಕೆಗೆ ಅದೊಂದೇ ಧ್ಯಾನ. ಇದು ನನಗೆ ಗೊತ್ತಾದದ್ದು ತಡವಾಗಿ.

ಅವಳ ಹೆಸರಿನ ಮುಂದೆಯೂ ಚುಕ್ಕಿ ಬಿತ್ತು. ಪುಸ್ತಕ ಹಂಚುವ ದಿನ ಮಾಯವ್ವ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಆ ಭೂಮಿತಿ ಪುಸ್ತಕ ನನಗೂ ಬೇಕಾಗಿತ್ತರಿ."

"ನಿನಗ ಅದು ಬ್ಯಾಡವಾ. ಇದರಾಗ ಚಲೋ ಗುಣ ಬರತಾವ."

ಹೀಗಂದಾಗ ನಾನು ಅವಳ ಮುಖ ನೋಡಲಿಲ್ಲ. ಕಿಟಕಿಯ ಹೊರಗೆ ಗಾಳಿ ಬಿದ್ದುಹೋಗಿ ಒಂದು ಪವನಚಕ್ಕಿ ನಿಲ್ಲುವುದರಲ್ಲಿತ್ತು. ನಿಲ್ಲುತ್ತದೋ ಇಲ್ಲವೋ ಎಂದು ಅದನ್ನೇ ನೋಡುತ್ತಿದ್ದೆ. ಮಾಯವ್ವ ಕೊಟ್ಟ ಪುಸ್ತಕ ತೆಗೆದುಕೊಂಡು ಹೋದಳು. ಮಾಸ್ತರರು ಹೇಳಿದ ಮೇಲೆ ಮುಗಿಯಿತು ಎಂದು ನಂಬುವ ಮನೆಯ ಹುಡುಗಿ.

ಎರಡು ವರ್ಷವಾದ ಮೇಲೆ ಹತ್ತನೆಯ ನಿಕಾಲ ಬಂದಾಗ ಮಾಯವ್ವ ಶಾಲೆಗೇ ಮೊದಲಿಗಳು. ಸಣ್ಣ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು. ಹಿರೇಮಠರು ತೆಂಗಿನಕಾಯಿ, ಶಾಲು ತರಿಸಿ ಸತ್ಕಾರ ಮಾಡಿದರು. ಅಮಸಿದ್ದ ತಲೆಗೆ ಕೆಂಪು ರುಮಾಲು ಸುತ್ತಿಕೊಂಡು ಬಂದು, ಹಿಂದಿನ ಗೋಡೆಗೆ ಆತು ನಿಂತು, ಮಗಳ ಹೆಸರು ಕರೆದಾಗ ಕೈ ಮುಗಿದ. ಯಾರಿಗೆ ಮುಗಿದನೋ, ಎದುರಿಗೆ ಯಾರೂ ಇರಲಿಲ್ಲ.

ಒಂದು ವಾರದ ನಂತರ ಅಪ್ಪ ಮಗಳು ಇಬ್ಬರೂ ಹೆಡ್‌ಮಾಸ್ತರರ ಕೋಣೆಗೆ ಬಂದರು. ನಾನೂ ಅಲ್ಲೇ ಇದ್ದೆ. ಜತ್ತಿನ ಕಾಲೇಜಿನಲ್ಲಿ ಸಾಯನ್ಸಿನ ಅರ್ಜಿ ತೆಗೆದುಕೊಳ್ಳುವ ಖಿಡಕಿಯವರು ಗುಣಪತ್ರಿಕೆ ನೋಡಿ, ಒಟ್ಟು ಟಕ್ಕೆ ನೋಡಿ ಖುಷಿಪಟ್ಟು, ಆಮೇಲೆ ವಿಷಯಗಳ ಸಾಲಿನ ಮೇಲೆ ಬೆರಳಿಟ್ಟು ಕಾಗದ ವಾಪಸು ಕೊಟ್ಟಿದ್ದರು. ಮಾಯವ್ವ ಆ ಗುಣಪತ್ರಿಕೆಯನ್ನು ಮೇಜಿನ ಮೇಲೆ ಇಟ್ಟಳು.

"ಇದು ಯಾವ ಗಣಿತ ಅಂತ ಕೇಳಿದರ್ರಿ ಸರ್. ಈ ಗಣಿತದ ಮ್ಯಾಲ ಸಾಯನ್ಸ್ ಕೊಡಂಗಿಲ್ಲಂತ. ಆರ್ಟ್ಸ್ ತಗೋ ಅಂದ್ರು. ನಾ ಏನ ಮಾಡಬೇಕ್ರಿ ಈಗ?"

ಹಿರೇಮಠರು ಕನ್ನಡಕ ಒರೆಸಿಕೊಂಡರು. ಅಮಸಿದ್ದನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಹುಡುಗಿ ಹಾಜರಿ ಭಾಳ ಕಡಿಮಿ ಇತ್ತು ಅಮಸಿದ್ದಾ. ನೀ ಪ್ರತಿ ವರ್ಷ ಹಿಂಡಿನ ಜೋಡಿ ಕರಕೊಂಡು ಹೋಗಿದಿ. ಹಂಗಿದ್ದಾವರಿಗೆ ಬೋರ್ಡಿನವರು ಇದೇ ಗಣಿತ ಕೊಡತಾರ. ನಾವೇನ ಮಾಡಾಕ ಬರತೈತಿ ಹೇಳು."

ಬೋರ್ಡು ಯಾರಿಗೂ ಯಾವ ಗಣಿತವನ್ನೂ ಕೊಡುತ್ತಿರಲಿಲ್ಲ. ಕೊಟ್ಟವನು ಅದೇ ಕೋಣೆಯಲ್ಲಿ, ಅವರ ಎಡಗಡೆಯ ಕುರ್ಚಿಯಲ್ಲಿ ಕೂತಿದ್ದ. ನಾನು ಬಾಯಿ ತೆರೆಯಲಿಲ್ಲ. ಅಮಸಿದ್ದ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಹೌದ್ರಿ. ನಾ ಒಯ್ದಿದ್ದು ಖರೇ," ಅಂದ. ಮಗಳನ್ನು ಮುಂದೆ ಮಾಡಿಕೊಂಡು ಹೊರಗೆ ಹೋದ.

ನಾಚಿಕೆ ನನಗೆ ಅಲ್ಲೇ ಆಗಬೇಕಿತ್ತು. ಆದದ್ದು ಮೂರು ದಿನ ಬಿಟ್ಟು, ಸ್ನಾನ ಮಾಡುವಾಗ, ಒಮ್ಮೆಲೇ. ತಲೆಯ ಮೇಲೆ ನೀರು ಹಾಕಿಕೊಂಡವನು ಹಾಗೇ ಕೂತುಬಿಟ್ಟೆ. ಬೋರ್ಡಿನ ಕಚೇರಿಗೆ ಹೋಗಿ ವಿಚಾರಿಸಿದೆ. ಮುಂದಿನ ಮಾರ್ಚ್ ಪರೀಕ್ಷೆಯಲ್ಲಿ ಖಾಸಗಿಯಾಗಿ ದೊಡ್ಡ ಗಣಿತಕ್ಕೆ ಕೂಡುವ ದಾರಿ ಇತ್ತು. ಒಂದು ವರ್ಷ ಮಾತ್ರ ಹೋಗುತ್ತದೆ. ಅವರ ಬಿಡಾರಕ್ಕೆ ಹೋಗಿ ಹೇಳಿದೆ, "ನಾ ಕಲಿಸ್ತೀನಿ. ಎಲ್ಲಿದ್ರೂ ಬಂದು ಕಲಿಸ್ತೀನಿ." ಯಾಕೆ ಕಲಿಸುತ್ತೇನೆ ಎಂದು ಹೇಳಲಿಲ್ಲ. ಮಾಯವ್ವ ಹೌದೆಂದು ತಲೆ ಆಡಿಸಿದಳು. ಅಮಸಿದ್ದ, "ಒಂದು ವರ್ಷ ನೋಡೂಣ್ರಿ. ಆಗಲಿಲ್ಲಂದ್ರ ಹಿಂಡಿನ ಜೋಡಿನ ಇರಲಿ, ಮತ್ತ ಸಾಲಿ ಮಾತು ಬ್ಯಾಡ," ಅಂದ.

ಆ ವರ್ಷದ ಭಾನುವಾರಗಳು ನನಗೆ ಈಗಲೂ ಕನಸಿನಲ್ಲಿ ಬರುತ್ತವೆ. ಅಥವಾ ಅವು ಆಗಲೇ ಕನಸಾಗಿದ್ದವೋ ಏನೋ. ಬೆಳಿಗ್ಗೆ ಮೋಟರ್ ಸೈಕಲ್ ಹತ್ತಿ ಹೊರಡುತ್ತಿದ್ದೆ. ಹಿಂಡು ಒಂದು ವಾರ ಯಳವಿಯ ಹೊಲಗಳಲ್ಲಿ, ಇನ್ನೊಂದು ವಾರ ಗುಡ್ಡಾಪುರದ ಹಾದಿಯಲ್ಲಿ, ಮತ್ತೊಂದು ವಾರ ಗಡಿ ದಾಟಿ ವಿಜಯಪುರದ ಕಡೆ. ದಾರಿಯಲ್ಲಿ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ನಡೆದುಕೊಂಡು ಹೋಗುವವರನ್ನು ನಿಲ್ಲಿಸಿ ಕೇಳಿದರೆ, ಕೈ ಎತ್ತಿ ದೂರದ ಧೂಳು ತೋರಿಸುತ್ತಿದ್ದರು. ಧೂಳಿನ ಕಡೆಗೆ ಗಾಡಿ ಬಿಟ್ಟರೆ ಮೊದಲು ನಾಯಿ, ಆಮೇಲೆ ಗಂಟೆಯ ಸದ್ದು, ಆಮೇಲೆ ಮಾಯವ್ವ.

ಜೋಳ ಕೊಯ್ದ ಹೊಲದಲ್ಲಿ ಕೂತು ಪಾಠ. ಅವಳು ಕೂತರೆ ಕುರಿ ನಿಲ್ಲುವುದಿಲ್ಲ, ಹೀಗಾಗಿ ಬಹಳಷ್ಟು ಪಾಠ ನಡೆಯುತ್ತಲೇ ಆಯಿತು. ಮುಂದೆ ಕುರಿ, ಹಿಂದೆ ಅವಳು, ಅವಳ ಹಿಂದೆ ಪುಸ್ತಕ ಹಿಡಿದ ನಾನು. ಅವಳು ಪ್ರಮೇಯ ಬಾಯಿಪಾಠ ಒಪ್ಪಿಸುವಳು, ನಡುವೆ ನಾಲಿಗೆ ಮಡಚಿ ಹಿಂಡಿಗೆ ಸಿಳ್ಳೆ ಹಾಕುವಳು, ಮತ್ತೆ ಬಿಟ್ಟಲ್ಲಿಂದ ಮುಂದುವರಿಸುವಳು. ವರ್ತುಳ ಬೇಕಾದರೆ ನೆಲಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ ಸುತ್ತ ಗೀರು ಎಳೆಯುತ್ತಿದ್ದೆವು. ಹೊರಗಿನ ಒಂದು ಬಿಂದುವಿನಿಂದ ವರ್ತುಳಕ್ಕೆ ಎಳೆದ ಎರಡು ಸ್ಪರ್ಶಕಗಳು ಸಮ ಎಂದು ಕಲಿಸಿದ ದಿನ ಆಕೆ ಹಗ್ಗದಿಂದ ಎರಡನ್ನೂ ಅಳೆದು ನೋಡಿ, "ಖರೇನ ಅದಾವಲ್ರಿ" ಎಂದು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಗಳಿಗೆಯಲ್ಲಿ ನನಗೆ ಜಗತ್ತಿನಲ್ಲಿ ಬೇರೆ ಏನೂ ಬೇಡವಾಗಿತ್ತು. ಗುಡ್ಡದ ಪವನಚಕ್ಕಿಗಳು ತಿರುಗುತ್ತಿದ್ದವೋ ಇಲ್ಲವೋ, ನೆನಪಿಲ್ಲ.

ಎಲ್ಲವೂ ಸುಲಭವಾಗಿತ್ತು ಎಂದುಕೊಳ್ಳಬೇಡಿ. ಭೂಮಿತಿ ಅವಳಿಗೆ ಒಲಿಯಿತು, ಬೀಜಗಣಿತ ಒಲಿಯಲಿಲ್ಲ. ಎರಡು ವರ್ಷದ ತಳಪಾಯ ಅಲ್ಲಿ ಇರಲೇ ಇಲ್ಲ. ವರ್ಗ ಸಮೀಕರಣಗಳ ಹತ್ತಿರ ಬಂದಾಗ ಮಾಯವ್ವ ಒಂದು ಭಾನುವಾರ ಪೂರ್ತಿ ಒಂದೇ ಲೆಕ್ಕವನ್ನು ಬರೆದು ಬರೆದು ಅಳಿಸಿದಳು. ಕಡೆಗೆ, "ಸಣ್ಣದರಾಗ ನಾ ಶಾಣ್ಯಾ ಇದ್ನಿ. ದೊಡ್ಡದರಾಗ ದಡ್ಡಿ ಆಗೀನ್ರಿ," ಅಂದಳು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಅವಳ ಅವ್ವ ರೊಟ್ಟಿ, ಪುಂಡಿಪಲ್ಯೆ ಕೊಡುತ್ತಿದ್ದಳು. ಚಳಿ ಬಿದ್ದಾಗ ಅಮಸಿದ್ದ ತನ್ನ ಕುರಿಗಳದೇ ಉಣ್ಣೆಯಿಂದ ನೇಯಿಸಿದ ಕರಿ ಕಂಬಳಿಯೊಂದನ್ನು ನನ್ನ ಹೆಗಲಿಗೆ ಹಾಕಿದ. "ನೀವು ನಮ್ಮ ಸಲುವಾಗಿ ಇಷ್ಟು ತಿರಗತೀರಿ," ಅಂದ. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತಿತ್ತು. ಹೊದ್ದುಕೊಂಡು ಮನೆಗೆ ಬಂದೆ. ಅಂಥ ಭಾರದ ಕಂಬಳಿ ನಾನು ಹೊದ್ದಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ, ಜೂನಿನಲ್ಲಿ ನಿಕಾಲ. ಬೀಜಗಣಿತ, ಭೂಮಿತಿ ಎರಡೂ ಕೂಡಿ ನೂರಕ್ಕೆ ಐವತ್ನಾಲ್ಕು. ನಾನು ಕುಣಿಯುವುದೊಂದು ಬಾಕಿ. ಪೇಢೆ ತೆಗೆದುಕೊಂಡು ಬಿಡಾರಕ್ಕೆ ಹೋದೆ. ಅಮಸಿದ್ದ ಪೇಢೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

"ಮಾಸ್ತರ, ತಪ್ಪ ತಿಳಕೋಬ್ಯಾಡ್ರಿ. ಹೋದ ವರ್ಷ ತೊಂಬತ್ತಾರು ಇತ್ತು. ನೀವು ವರ್ಷಗಟ್ಲೆ ಬಂದು ಕಲಿಸಿದ ಮ್ಯಾಲ ಐವತ್ನಾಕ ಆತ್ರಿ?"

ಮಾಯವ್ವನ ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನೂ ನಕ್ಕೆ. ಆದರೆ ಅವನ ಪ್ರಶ್ನೆ ನಗುವಂಥದ್ದಲ್ಲ, ಎಲ್ಲ ತಂದೆತಾಯಿಯರದೂ ಅದೇ. ಟಕ್ಕೆ ಇಳಿದದ್ದಂತೂ ನಿಜ. ಹಳೆಯ ಟಕ್ಕೆ ಇದ್ದರೆ ಕಲಾ ವಿಭಾಗದಲ್ಲಿ ಮೊದಲ ಯಾದಿಯ ಮೊದಲ ಹೆಸರು, ಹೊಸದಕ್ಕೆ ಸಾಯನ್ಸಿನಲ್ಲಿ ಕಡೆಯ ಯಾದಿಯಾದರೂ ಸಿಕ್ಕೀತೆ ಎಂಬ ಅಂಜಿಕೆ. ನಾನು ಅವನಿಗೆ ಹೇಳಿದೆ, "ಅದು ಊರ ಹಳ್ಳದಾಗ ಈಜಿದ್ದು, ಇದು ಕೃಷ್ಣಾ ನದಿ ದಾಟಿದ್ದು." ಅವನಿಗೆ ಎಷ್ಟು ತಿಳಿಯಿತೋ, ಪೇಢೆ ಮಾತ್ರ ಬಾಯಿಗೆ ಹಾಕಿಕೊಂಡ.

ಸವಿತಾ, ಇಲ್ಲೊಂದು ಮಾತು ನಿನಗೆ. ಈಗ ಪ್ರವೇಶವೆಲ್ಲ ಮೊಬೈಲಿನಲ್ಲಿ ನಡೆಯುತ್ತಿದೆ, ಶಾಲೆಯವರು ಕೊಡುವ ಇಪ್ಪತ್ತು ಗುಣಗಳನ್ನು ಎಲ್ಲರಿಗೂ ತುಂಬಿ ಕೊಡುವುದರಿಂದ ಟಕ್ಕೆಗೆ ಮೊದಲಿನ ತೂಕವೂ ಉಳಿದಿಲ್ಲ. ಆದರೂ ಹುಡುಗರು ಮುಂದಕ್ಕೆ ಹೋಗುವಾಗ ಯಾವ ವಿಷಯ ಕಲಿತಿದ್ದಾರೆ ಎಂಬ ಸಾಲನ್ನು ಕಾಲೇಜಿನವರು ಓದಿಯೇ ಓದುತ್ತಾರೆ. ಅವರು ಓದದಿದ್ದರೂ ಹನ್ನೊಂದನೆಯದರ ಮೊದಲ ಪಾಠ ಓದುತ್ತದೆ. ನಾವು ದಯೆ ತೋರಿಸಿದ್ದೇವೆ ಎಂದುಕೊಂಡು ಸರಳವಾದದ್ದನ್ನು ಕೊಟ್ಟಾಗ, ಬಹಳ ಸಲ ದಯೆ ತೋರಿಸಿಕೊಂಡದ್ದು ನಮಗೇ.

ಮೊದಲ ಯಾದಿಯಲ್ಲಿ ಮಾಯವ್ವನ ಹೆಸರಿರಲಿಲ್ಲ, ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ಬಂತು. ಸಾಯನ್ಸಿನ ಪ್ರಾಧ್ಯಾಪಕರೊಬ್ಬರು ಎರಡೂ ಗುಣಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ತೊಂಬತ್ತಾರರದ್ದನ್ನು ಪಕ್ಕಕ್ಕೆ ಸರಿಸಿ, "ನಮಗ ಈ ಐವತ್ನಾಕು ಸಾಕು," ಎಂದರು. ಆದರೆ ನಡುವೆ ಒಂದು ವರ್ಷ ಖಾಲಿ ಇದೆಯಲ್ಲ, ಅದಕ್ಕೆ ಕಾರಣ ಬರೆದ ಪ್ರತಿಜ್ಞಾಪತ್ರ ಬೇಕು, ಅವತ್ತೇ ಕೊಡಬೇಕು, ಅವತ್ತೇ ಪ್ರವೇಶದ ಕಡೆಯ ದಿನ. ಕೊಡದಿದ್ದರೆ ಸೀಟು ಮುಂದಿನವರಿಗೆ.

ನಾನು, ಅಮಸಿದ್ದ, ಮಾಯವ್ವ ಮೂವರೂ ತಹಸೀಲ ಕಚೇರಿಗೆ ಹೋದೆವು. ಆವರಣದ ಬೇವಿನ ಗಿಡದ ಕೆಳಗೆ ಟೈಪಿಂಗ್ ಮಾಡಿಕೊಡುವ ಒಬ್ಬ ಹಿರಿಯ ಕೂತಿದ್ದ. ಗ್ಯಾಪಿನ ಕಾಗದ ಅವನಿಗೆ ದಿನದ ಕೆಲಸ. ಹೆಸರು, ಊರು ಕೇಳಿದ. ಕಾರಣ ಕೇಳಲೇ ಇಲ್ಲ, ತಾನೇ ಹಾಕಿದ. ಟಕಟಕ ಹೊಡೆದು ಮುಗಿಸಿ ಕಾಗದ ಎಳೆದುಕೊಟ್ಟ. ಅಮಸಿದ್ದನಿಗೆ ಓದಲು ಬರುವುದಿಲ್ಲ, ಮರಾಠಿ ತಿಳಿಯುತ್ತದೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡವನು ಕೇಳಿದ, "ಏನ ಬರದೈತ್ರಿ ಅದರಾಗ?"

ಟೈಪಿನವನು ಓದಿದ. ಕೌಟುಂಬಿಕ ಅಡಚಣೆಯ ಕಾರಣದಿಂದ ಸದರಿ ವಿದ್ಯಾರ್ಥಿನಿಗೆ ಒಂದು ವರ್ಷ ಶಿಕ್ಷಣ ಮುಂದುವರಿಸಲು ಆಗಲಿಲ್ಲ ಎಂದು ಮರಾಠಿಯಲ್ಲಿತ್ತು.

ಅಮಸಿದ್ದನ ಶಾಯಿ ಹಚ್ಚಿದ ಬೆರಳು ಅಲ್ಲೇ ನಿಂತಿತು. "ಹೌದ್ರಿ," ಅಂದ ಮೆಲ್ಲಗೆ. "ನಮ್ಮ ಮನೀದ ಅಡಚಣಿ. ನಾ ಕುರಿ ಬೆನ್ನ ಹಚ್ಚಿ ಒಯ್ದೆ, ಅದಕ್ಕ ಹಿಂಗಾತು. ಎಲ್ಲೆ ಒತ್ತಬೇಕ್ರಿ?"

ಮಾಯವ್ವ ಬೇವಿನ ಗಿಡದ ಕಡೆ ಮುಖ ತಿರುಗಿಸಿದಳು. ಒಂದು ವರ್ಷ, ಪ್ರತಿ ಭಾನುವಾರ, ಈ ಮನುಷ್ಯನ ರೊಟ್ಟಿ ತಿಂದಿದ್ದೆ. ಆ ಒಂದು ವರ್ಷವೂ ಅವನು ಮಗಳ ಬಾಳು ಕೆಡಿಸಿದವನು ತಾನೇ ಎಂದುಕೊಂಡಿದ್ದ. ಅದು ಆ ಗಳಿಗೆಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಕಲಿಸಿದರೆ ತಪ್ಪು ತೀರಿತು ಎಂದು ನಾನು ನನ್ನ ಪಾಡಿಗೆ ಹಗುರಾಗಿಬಿಟ್ಟಿದ್ದೆ.

ನಾನು ಅವನ ಕೈ ಹಿಡಿದೆ. ನನ್ನ ಅಂಗಿಗೂ ಶಾಯಿ ಹತ್ತಿತು.

"ಒತ್ತಬ್ಯಾಡ ಅಮಸಿದ್ದಾ. ಬೋರ್ಡಿನವರು ಆ ಗಣಿತ ಕೊಟ್ಟಿಲ್ಲ. ನಿನ್ನ ಕುರೀದೂ ತಪ್ಪಿಲ್ಲ. ಅರ್ಜಿ ತುಂಬಿದಾಂವ ನಾನು. ಹಾಜರಿ ಪುಸ್ತಕ ನೋಡಿ, ಹುಡುಗೀನ ನೋಡದ, ಸಣ್ಣ ಗಣಿತ ಬರದಾಂವ ನಾನು. ಇಕಿ ದೊಡ್ಡದು ಬೇಕು ಅಂತ ಕೇಳಿದ್ದಳು. ನಾ ಕೊಡಲಿಲ್ಲ. ಅವತ್ತ ಸಾಲ್ಯಾಗ ಹೆಡ್‌ಮಾಸ್ತರರು ಅಂದದ್ದು ಸುಳ್ಳು. ನಾ ಕೇಳಿಸಿಕೊಂಡು ಸುಮ್ಮ ಕುಂತಿದ್ದೆ."

ಟೈಪಿನವನಿಗೆ ಬೇರೆ ಕಾಗದ ಹಾಕಲು ಹೇಳಿದೆ. ಶಿಕ್ಷಕರು ವಿಷಯದ ಆಯ್ಕೆ ತಪ್ಪಾಗಿ ತುಂಬಿದ್ದರಿಂದ ಮರುಪರೀಕ್ಷೆಗೆ ಒಂದು ವರ್ಷ ಹೋಯಿತು ಎಂದು ಬರೆಸಿದೆ. ಅವನು ಬೆರಳು ನಿಲ್ಲಿಸಿ, "ಮಾಸ್ತರ, ಹಿಂಗ ಯಾರೂ ಬರಸಂಗಿಲ್ಲ. ನಿಮ್ಮ ನೌಕರಿಗೆ ತ್ರಾಸ ಆಗತೈತಿ," ಅಂದ. ಬರಿ ಅಂದೆ. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಪೂರ್ತಿ ಹೆಸರು, ಶಾಲೆಯ ಹೆಸರು, ಗಣಿತ ಶಿಕ್ಷಕ ಎಂದು ಬರೆದು ಸಹಿ ಹಾಕಿದೆ. ಅಮಸಿದ್ದ ಇದನ್ನೆಲ್ಲ ನೋಡುತ್ತಲೇ ಇದ್ದ. ಒಂದೇ ಪ್ರಶ್ನೆ ಕೇಳಿದ, "ಇದರಿಂದ ಹುಡುಗಿ ಸೀಟಿಗೆ ಏನೂ ಆಗಂಗಿಲ್ಲಲ್ರಿ?" ಆಗುವುದಿಲ್ಲ ಎಂದೆ. ಹೆಬ್ಬೆಟ್ಟು ಒತ್ತಿದ.

ಕಾಲೇಜಿನ ಖಿಡಕಿಯಲ್ಲಿ ಗುಮಾಸ್ತ ಆ ಕಾಗದವನ್ನು ಎರಡು ಸಲ ಓದಿದ. ಒಮ್ಮೆ ನನ್ನ ಮುಖ ನೋಡಿದ. ಶಿಕ್ಕಾ ಹೊಡೆದು, ಪ್ರವೇಶದ ಚೀಟಿ ಹರಿದು ಮಾಯವ್ವನ ಕೈಗೆ ಕೊಟ್ಟ. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ, ನೋಡಬೇಕೆಂದು ನಾನೂ ಬಯಸಲಿಲ್ಲ.

ಅಮಸಿದ್ದ ಬಸ್ ಸ್ಟ್ಯಾಂಡಿನ ಕಡೆ ಹೊರಟ. ಬೈಯಲಿ, ಹೊಡೆಯಲಿ ಎಂದು ಕಾದುಕೊಂಡೇ ಅವನ ಜೊತೆ ನಡೆದೆ. ಬಸ್ಸು ಬಂತು. ಮಗಳನ್ನು ಹತ್ತಿಸಿ, ತಾನು ಒಂದು ಕಾಲು ಮೆಟ್ಟಿಲ ಮೇಲಿಟ್ಟು, ನನ್ನ ಕಡೆ ತಿರುಗಿದ.

"ಒಂದು ವರ್ಷ ಆತ್ರಿ ಮಾಸ್ತರ," ಅಂದ. "ಆ ಕುರಿ ಮುಖಾ ನೋಡಿದ್ರ ಸಿಟ್ಟ ಬರತಿತ್ತು ನನಗ. ಸುಮ್‌ಸುಮ್ನ ಹೊಡೀತಿದ್ನಿ."